ಹೊಂಗೆಪಾಳ್ಯದ ಶಾಲೆಗೆ ಸೋದರತ್ತೆ

ನಮ್ಮತ್ತೆ ಮುನಿಕೆಂಪಮ್ಮನಿಗೆ ಕೋಪ ಮೂಗಿನ ತುದಿಯಲ್ಲೇ. ಆದರೂ ಕೋಗಿಲು ಊರಿನ ಪಕ್ಕದ ನಮ್ಮ ಹೊಂಗೆಪಾಳ್ಯದಲ್ಲಿ ಯಾರ ಮನೆಯಲ್ಲಿ ನಾಮಕರಣವಾದರೂ ಮೊದಲು ಕರೆ ಬರುವುದು ಅವಳಿಗೇ. ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ತಂದೆಯ ಅಕ್ಕ ಅಥವಾ ತಂಗಿ. ಅಂಥವರಿಲ್ಲದ ಮನೆಗಳಿಗೆಲ್ಲ ಇವಳೇ ಸೋದರತ್ತೆ. ಕೂಸು ಅತ್ತರೆ, "ಎಸ್ರು ಕೊಡಕ್ ಬಂದಿದೀನಿ ಕಣೋ, ಕಿವಿ ಕಿತ್ಕಂಡ್ ಓಗಕ್ಕಲ್ಲ" ಎಂದು ಅದಕ್ಕೂ ಗದರುತ್ತಾಳೆ.

ಊರಿನ ಸರ್ಕಾರಿ ಶಾಲೆ ಶುರುವಾದದ್ದು ಹೊಂಗೆ ಮರದ ಕೆಳಗೆ. ಗೋಡೆ ಏಳುವಾಗ ಅತ್ತೆ ಲಂಗ ಎತ್ತಿ ಕಟ್ಟಿ ಮಣ್ಣು ಹೊತ್ತವಳು. ಓದಿದ್ದು ಮೂರನೇ ಕ್ಲಾಸು. ಆಮೇಲೆ ಹೊಲಗಳೆಲ್ಲ ಸೈಟಾದವು, ಬಸ್ ಸ್ಟಾಪಿಗೆ ಲೇಔಟಿನ ಹೆಸರು ಬಂತು, ಅಂಗಡಿ ಬೋರ್ಡುಗಳಿಗೂ ಅದೇ. ಹೊಂಗೆಪಾಳ್ಯ ಎಂದು ಉಳಿದದ್ದು ಶಾಲೆಯ ಬೋರ್ಡಿನಲ್ಲಿ ಮಾತ್ರ.

೨೦೧೪ರಲ್ಲಿ ಪಕ್ಕದ ಅಪಾರ್ಟ್‌ಮೆಂಟಿನವರು ಶಾಲೆಗೆ ಬಣ್ಣ ಹೊಡೆಸಿ, ಸೋರುವ ಹೆಂಚು ಬದಲಿಸಿಕೊಟ್ಟರು. ಪುಣ್ಯಾತ್ಮರು, ಇಲ್ಲವೆನ್ನುವುದಿಲ್ಲ. ಆದರೆ ಸಮಾರಂಭದ ದಿನ ಹೊಸ ಬೋರ್ಡಿನ ಮೇಲಿನ ಬಟ್ಟೆ ಸರಿಸಿದರೆ, ಅಲ್ಲಿರುವುದು ಅವರ ಅಪಾರ್ಟ್‌ಮೆಂಟಿನ ಹೆಸರು! ನನಗೆ ಮೈಯೆಲ್ಲ ಉರಿಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಎದ್ದೇಬಿಟ್ಟಳು.

"ಸಾ, ನಿಮ್ ಕಡೆ ಮಗೀಗೆ ಎಸ್ರು ಯಾರ್ ಇಡೋದು?" ಎಂದು ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷ ವಿಜಯ್ ಕುಮಾರ್ ಅವರನ್ನು ಕೇಳಿದಳು.

"ಸೋದರತ್ತೆ. ಯಾಕಮ್ಮ?"

"ಅಂಗಾದ್ರೆ ಈ ಇಸ್ಕೂಲಿಗೆ ನಾನೇ ಅತ್ತೆ. ಬಟ್ಟೆ ಒಲ್ಸಿಕೊಟ್ಟೋರು ಮಗೀನ್ ಎಸ್ರು ಬದ್ಲಾಯ್ಸಂಗಿಲ್ಲ ಕಣಪ್ಪ!"

ಎಂದವಳೇ ಹಸಿ ಬಣ್ಣದ ಗೋಡೆಗೆ ಬಾಯಿಟ್ಟು, "ಒಂಗೆಪಾಳ್ಯ" ಎಂದು ಮೂರು ಸಲ ಹೇಳಿದಳು. ತುಟಿಯೆಲ್ಲ ಹಳದಿಯಾಯಿತು. ಮಕ್ಕಳು ಬಿದ್ದು ಬಿದ್ದು ನಕ್ಕವು.

ವಿಜಯ್ ಕುಮಾರ್ ಕಕ್ಕಾಬಿಕ್ಕಿಯಾದರು. ಆಮೇಲೆ ಅವರೂ ನಕ್ಕರು. "ತಪ್ಪಾಯ್ತಮ್ಮ. ನಾಳೇನೇ ಹಳೇ ಹೆಸರು ಬರೆಸ್ತೀನಿ" ಎಂದರು. ಬರೆಸಿದರು ಕೂಡ. ಅಷ್ಟೇ ಅಲ್ಲ, ಮರುವಾರ ನಮ್ಮ ಮನೆಗೇ ಬಂದರು. "ನಂಗೆ ಅಕ್ಕ ತಂಗಿ ಯಾರೂ ಇಲ್ಲ. ಮಗಳಿಗೆ ಹೆಸರಿಡೋಕೆ ನೀವೇ ಬರ್ಬೇಕು" ಎಂದು ಕೇಳಿಕೊಂಡರು.

ಏಳನೇ ಮಹಡಿಗೆ ಲಿಫ್ಟಿನಲ್ಲಿ ಹೋಗುವಾಗ ಅತ್ತೆ ನನ್ನ ಕೈ ಬಿಡಲೇ ಇಲ್ಲ. ತೊಟ್ಟಿಲ ಮೇಲೆ ಬಾಗಿ, ಅವರು ಹೇಳಿಕೊಟ್ಟಂತೆ ಮಗುವಿನ ಕಿವಿಯಲ್ಲಿ "ಸಂಯುಕ್ತಾ" ಎಂದಳು. ಎರಡನೇ ಸಲವೂ ಹಾಗೇ. ಮೂರನೇ ಸಲ ಮಾತ್ರ ಮನೆ ತುಂಬ ಕೇಳುವಂತೆ, "ಒಂಗೆಪಾಳ್ಯದ ಸಂಯುಕ್ತಾ!" ಎಂದಳು.

ನೆಂಟರೆಲ್ಲ ಮುಖ ಮುಖ ನೋಡಿಕೊಂಡರು.

"ಹೌದಕ್ಕ," ಎಂದರು ವಿಜಯ್ ಕುಮಾರ್. "ಹೊಂಗೆಪಾಳ್ಯದವಳೇ."