ಐವತ್ತೈದು ಕಿಲೊ ಬೆಲ್ಲ

ಸೇಡು ಒಳ್ಳೆಯದಲ್ಲ ಎಂದು ಉಪದೇಶ ಮಾಡುವವರನ್ನು ನಾನು ನಂಬುವುದಿಲ್ಲ. ಅವರಿಗೆ ಯಾರೂ ಸರಿಯಾಗಿ ಅವಮಾನ ಮಾಡಿರುವುದಿಲ್ಲ, ಅಷ್ಟೆ. ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಎದುರು ಬಾಗಿಲಿನ ಶ್ರೀಮತಿಯನ್ನು ನೋಡಿದ ಮೇಲಂತೂ ಸೇಡಿನ ಬಗ್ಗೆ ನನಗಿದ್ದ ಗೌರವ ಇನ್ನೂ ಹೆಚ್ಚಿದೆ.

ಶ್ರೀಮತಿ ಎನ್ನುವುದು ಅವಳ ಹೆಸರೇ. ಊರು ಉಡುಪಿಯ ಕಡೆ, ವಯಸ್ಸು ನಲವತ್ತಾರು. ಗಂಡ ತಾರಾನಾಥ ಠಾಣೆಯ ವರ್ತಕ ನಗರದಲ್ಲಿ ಹೋಟೆಲು ನಡೆಸುತ್ತಾನೆ. ಅದರ ಉಗ್ರಾಣ ಇವಳ ಕೈಯಲ್ಲಿ. ಉದ್ದಿನಬೇಳೆಯ ಮೂಟೆ ಟೆಂಪೋದಿಂದ ಇಳಿಯುವಾಗಲೇ ಒಂದು ಕಿಲೊ ಕಡಿಮೆ ಇದೆ ಎನ್ನುತ್ತಾಳೆ. ತೂಗಿ ನೋಡಿದರೆ ಒಂದು ಕಿಲೊ ಕಡಿಮೆಯೇ ಇರುತ್ತದೆ. ಅಂಥವಳು ತೂಕದ ವಿಷಯದಲ್ಲಿ ಒಂದೇ ಒಂದು ಸಲ ಸುಳ್ಳು ಹೇಳಿದಳು, ಅದೂ ದೇವಸ್ಥಾನಕ್ಕೆ.

ಎರಡು ವರ್ಷದ ಹಿಂದೆ ಮಗಳು ತನ್ವಿಗೆ ಡೆಂಗಿ ಜ್ವರ ಬಂದು ಆಸ್ಪತ್ರೆ ಸೇರಿದಾಗ ಶ್ರೀಮತಿ ಹರಕೆ ಹೊತ್ತಳು: ಹುಡುಗಿ ಎದ್ದು ಬಂದರೆ ತನ್ನ ತೂಕದಷ್ಟು ಬೆಲ್ಲದ ತುಲಾಭಾರ. ಹುಡುಗಿ ಎದ್ದು ಬಂದಳು. ಸೀವುಡ್ಸ್ ಸ್ಟೇಷನ್ ಹತ್ತಿರದ ಚಿಕ್ಕ ಕೃಷ್ಣನ ಗುಡಿಯವರು ಫೋನಿನಲ್ಲಿ, ಎಷ್ಟು ಬೆಲ್ಲ ತರಿಸಿಡಬೇಕು ಎಂದು ಕೇಳಿದರು. ಆ ಹೊತ್ತಿಗೆ ಪಕ್ಕದಲ್ಲಿ ಕೂತಿದ್ದವಳು ಅವಳ ಓರಗಿತ್ತಿ, ಅಂದರೆ ತಾರಾನಾಥನ ಅಣ್ಣನ ಹೆಂಡತಿ ರತ್ನಾವತಿ. ಮದುವೆಯ ದಿನ ಐವತ್ತೈದು ಕಿಲೊ ಇದ್ದೆ, ಇವತ್ತಿಗೂ ಐವತ್ತೈದೇ ಎಂದು ಪ್ರತಿ ಊಟದಲ್ಲೂ ಎಲೆಗೆ ಕೈ ಅಡ್ಡ ಹಿಡಿದು ಹೇಳುವ ಹೆಂಗಸು. ಅವಳ ಎದುರು ಎಂಬತ್ತೆಂಟು ಎನ್ನಲು ಶ್ರೀಮತಿಗೆ ನಾಲಿಗೆ ಏಳಲಿಲ್ಲ. ಅರವತ್ತೈದು ಎಂದುಬಿಟ್ಟಳು.

ಆ ಗುಡಿಯ ತಕ್ಕಡಿ ಕಳಂಬೋಲಿಯ ಮಾರ್ಕೆಟಿನಿಂದ ತಂದ ಕಬ್ಬಿಣದ್ದು. ಅದಕ್ಕೆ ದಾಕ್ಷಿಣ್ಯ ಗೊತ್ತಿಲ್ಲ. ಅರವತ್ತೈದು ಕಿಲೊ ಬೆಲ್ಲವೂ ಮುಗಿಯಿತು, ಶ್ರೀಮತಿ ಕೂತ ತಟ್ಟೆ ಒಂದಂಗುಲವೂ ಮೇಲೇಳಲಿಲ್ಲ. ಭಟ್ಟರು ತೆಂಗಿನಕಾಯಿ ಇಟ್ಟರು, ಬಾಳೆಗೊನೆ ಇಟ್ಟರು. ತಟ್ಟೆ ಕದಲಲಿಲ್ಲ. ಆಗ ರತ್ನಾವತಿ, ಸುತ್ತ ನೆರೆದ ಅರವತ್ತು ಜನಕ್ಕೆ ಕೇಳುವಂತೆ ಹೇಳಿದಳು:

"ಭಟ್ರೇ, ಅನ್ನಸಂತರ್ಪಣೆಯ ಅಕ್ಕಿ ಸಹ ತಂದು ಇಡಿ. ನಾವೆಲ್ಲ ಊಟಕ್ಕೆ ಮನೆಗೆ ಹೋಗ್ತೇವೆ."

ಎಲ್ಲರೂ ನಕ್ಕರು. ಮುಚ್ಚಿಡುವುದೇಕೆ, ನಾನೂ ನಕ್ಕೆ. ಅಕ್ಕಿ ಮೂಟೆ ಬರುವವರೆಗೆ ಆರು ನಿಮಿಷ ಶ್ರೀಮತಿ ಕೈಮುಗಿದುಕೊಂಡು ಆ ತಟ್ಟೆಯಲ್ಲೇ ಕೂತಿದ್ದಳು. ಆರು ನಿಮಿಷ ಎಂದು ಗೊತ್ತಾದದ್ದು ರತ್ನಾವತಿ ತೆಗೆದ ವಿಡಿಯೊದಿಂದ. ನಾವು ಗುಡಿಯಿಂದ ಹೊರಡುವ ಮೊದಲೇ ಅದು ಕುಟುಂಬದ ವಾಟ್ಸಾಪ್ ಗ್ರೂಪಿಗೆ ಬಂದಿತ್ತು.

ವಾಪಸು ಬರುವಾಗ ಠಾಣೆಯಲ್ಲಿ ರೈಲು ಬದಲಿಸಿ ಕೂತೆವು. ಅವಳು ನನ್ನ ಕಡೆ ತಿರುಗಿದಳು.

"ಅಲಮೇಲಮ್ಮ, ನೀವು ಸಹ ನೆಗಾಡಿದ್ರಿ. ನಾಳೆಯಿಂದ ಬೆಳಿಗ್ಗೆ ಐದೂವರೆಗೆ ನನ್ನೊಟ್ಟಿಗೆ ನಡೀಲಿಕ್ಕೆ ಬರ್ಬೇಕು."

ನನಗೆ ಅರವತ್ತೆರಡು ವರ್ಷ, ಎರಡೂ ಮಂಡಿ ನೋವು. ಮೈಸೂರಿನಲ್ಲಿ ಹುಟ್ಟಿದವಳು, ಕಾಫಿ ಕುಡಿಯದೆ ಮಾತೇ ಆಡುವುದಿಲ್ಲ. ಮಾಡಿದ್ದುಣ್ಣೋ ಮಾರಾಯ ಎಂದುಕೊಂಡು ಹೋದೆ. ನನ್ನ ಪಾಲಿನ ಸೇಡು ಹೀಗೆ ಮರುದಿನದಿಂದಲೇ ತೀರತೊಡಗಿತು.

ಶ್ರೀಮತಿಯ ಗುರಿ ಐವತ್ತನಾಲ್ಕು ಕಿಲೊ. ಮುಂದಿನ ವರ್ಷ ಅದೇ ಗುಡಿಯಲ್ಲಿ, ಅದೇ ಅರವತ್ತು ಜನರ ಎದುರು, ಐವತ್ತನಾಲ್ಕು ಕಿಲೊ ಬೆಲ್ಲಕ್ಕೆ ತಟ್ಟೆ ಏಳಬೇಕು, ಓರಗಿತ್ತಿ ನೋಡಬೇಕು. ಅದಕ್ಕಾಗಿ ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡಳು. ಬೆಳಿಗ್ಗೆ ಸೌತೆಕಾಯಿ, ಮಧ್ಯಾಹ್ನ ಮಜ್ಜಿಗೆ, ರಾತ್ರಿ ರತ್ನಾವತಿಯ ವಿಡಿಯೊ. ಎರಡು ತಿಂಗಳಲ್ಲಿ ಎಂಟು ಕಿಲೊ ಇಳಿಯಿತು. ಕೂದಲು ಬಾಚಣಿಗೆಯಲ್ಲಿ ಗೊಂಚಲಾಗಿ ಬಂತು. ಒಂದು ದಿನ ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ಮೇಲೆ, ಆಫೀಸಿನ ನೂಕುನುಗ್ಗಲಿನ ಮಧ್ಯೆ ಕಣ್ಣು ಕತ್ತಲಾಗಿ ಬಿದ್ದಳು. ಮೀನು ಮಾರುವ ಹೆಂಗಸರಿಬ್ಬರು ತಮ್ಮ ಬುಟ್ಟಿ ಅಡ್ಡ ಇಟ್ಟು ಜನ ತುಳಿಯದಂತೆ ಕಾದರು. ಇಲ್ಲದಿದ್ದರೆ ಸೇಡಿನ ಕತೆ ಅಲ್ಲೇ ಮುಗಿಯುತ್ತಿತ್ತು.

ನಾನೇ ಅವಳನ್ನು ಡಾಕ್ಟರ್ ಕಾಂಚನಾ ಹತ್ತಿರ ಕರೆದುಕೊಂಡು ಹೋದೆ. ಧಾರವಾಡದವರು, ನಮ್ಮ ಗಲ್ಲಿಯಲ್ಲೇ ಕ್ಲಿನಿಕ್ಕು. ಅವರು ಎತ್ತರ ಅಳೆದರು, ತೂಗಿದರು, ಎಷ್ಟಕ್ಕೆ ಇಳಿಯಬೇಕೆಂದಿದ್ದೀರಿ ಎಂದು ಕೇಳಿದರು. ಶ್ರೀಮತಿ ಐವತ್ತನಾಲ್ಕು ಎಂದಳು. ಡಾಕ್ಟರು ಪೆನ್ನು ಕೆಳಗಿಟ್ಟರು.

"ಐವತ್ನಾಕು ಯಾರ ತೂಕ ಅದ?"

ನಾನೇ ಬೆಲ್ಲದಿಂದ ಹಿಡಿದು ವಿಡಿಯೊದವರೆಗೆ ಎಲ್ಲ ಹೇಳಿದೆ. ಡಾಕ್ಟರು ನಗಲಿಲ್ಲ. ಎಂಬತ್ತೆಂಟರಿಂದ ಹೊರಟವಳಿಗೆ ಮೊದಲ ಆರು ತಿಂಗಳಲ್ಲಿ ಎಂಟು ಕಿಲೊ ಇಳಿದರೆ ಸಾಕು, ಅಷ್ಟಕ್ಕೇ ಬಿಪಿಯೂ ಮಂಡಿಯೂ ಸುಧಾರಿಸುತ್ತವೆ ಎಂದರು. ಉಪವಾಸ ಬಿದ್ದು ಇಳಿಸಿದ್ದು ಮತ್ತೆ ಏರುತ್ತದೆ, ಹೆದರಬೇಡಿ. ಹೊಟ್ಟೆ ತುಂಬ ಪಲ್ಯ, ಬೇಳೆ, ಅಳತೆಯ ಅನ್ನ ತಿನ್ನುತ್ತ ನಿಧಾನವಾಗಿ ಇಳಿಸಿ, ವರ್ಷಕ್ಕೆ ಎಪ್ಪತ್ತಾರಕ್ಕೆ ಬಂದರೆ ದೊಡ್ಡ ಮಾತು ಎಂದರು. ಎಪ್ಪತ್ತಾರು ಎಂದ ಕೂಡಲೇ ಶ್ರೀಮತಿಯ ಕಣ್ಣಲ್ಲಿ ನೀರು ಬಂತು. ಎಪ್ಪತ್ತಾರಕ್ಕೆ ಆ ಹೆಂಗಸು ಹೆದರುತ್ತಾಳೆಯೇ?

"ಸೇಡು ತೀರಿಸ್ಕೋರಿ, ನಾ ಬ್ಯಾಡ ಅನ್ನಂಗಿಲ್ಲ," ಎಂದರು ಡಾಕ್ಟರು. "ಆದ್ರ ಆ ದಿನಾ ನೀವು ನಿಮ್ಮ ಕಾಲ ಮ್ಯಾಲ ನಿಂತಿರಬೇಕಲ್ಲ."

ಆದರೂ ಅವಳು ಒಪ್ಪಿದ್ದು ಡಾಕ್ಟರ ಮಾತಿಗಲ್ಲ. ಅದೇ ವಾರ ಹದಿನಾರರ ತನ್ವಿ ಊಟದ ತಟ್ಟೆ ಪಕ್ಕಕ್ಕೆ ತಳ್ಳಿ, "ಮುಝೇ ಭೀ ಪತ್ಲಾ ಹೋನಾ ಹೈ, ಮಮ್ಮಿ" ಎಂದಳಂತೆ, ತಾನೂ ತೆಳ್ಳಗಾಗಬೇಕು ಎಂದು. ಯಾವ ಮಗಳು ಉಣ್ಣುವಂತಾಗಲಿ ಎಂದು ಹರಕೆ ಹೊತ್ತಿದ್ದಳೋ ಅದೇ ಮಗಳು. ಆ ರಾತ್ರಿಯೇ ಶ್ರೀಮತಿ ಮಗಳ ಎದುರು ಕೂತು ಅನ್ನ ಉಂಡಳು. ಗೋಡೆಯ ಕ್ಯಾಲೆಂಡರಿನಲ್ಲಿ ಐವತ್ತನಾಲ್ಕನ್ನು ಹೊಡೆದುಹಾಕಿ ಎಪ್ಪತ್ತಾರು ಎಂದು ಬರೆದಳು. ಸೇಡನ್ನು ಮಾತ್ರ ಹೊಡೆದುಹಾಕಲಿಲ್ಲ.

ತೂಕ ಒಮ್ಮೆ ಎಂಬತ್ತಮೂರಕ್ಕೆ ಏರಿತು, ಆಮೇಲೆ ಇಳಿಯಿತು. ದೀಪಾವಳಿಗೆ ಇಳಿಯುವುದು ನಿಂತೇ ಹೋಯಿತು. ನಾವಿಬ್ಬರೂ ಮಳೆಯಲ್ಲಿ ಕೊಡೆ ಹಿಡಿದು, ಚಳಿಯಲ್ಲಿ ಶಾಲು ಹೊದ್ದು ನಡೆದೆವು. ಮುಂದಿನ ವರ್ಷದ ಹೊತ್ತಿಗೆ ಎಪ್ಪತ್ತಾರು ಬಂತು. ಸ್ಟೇಷನ್ನಿನ ಮೆಟ್ಟಿಲನ್ನು ಅವಳು ನನಗಿಂತ ಮೊದಲು ಹತ್ತಿ ಮೇಲೆ ಕಾಯುತ್ತಿದ್ದಳು.

ಆ ವರ್ಷ ರತ್ನಾವತಿಗೆ ಅರವತ್ತು ತುಂಬುವುದಿತ್ತು. ಶ್ರೀಮತಿ ಗ್ರೂಪಿನಲ್ಲಿ, ಎಲ್ಲರಿಗೂ ಕಾಣುವಂತೆ ಬರೆದಳು: "ಈ ಸಲ ನನ್ನದೂ ರತ್ನಕ್ಕನದೂ ಒಟ್ಟಿಗೆ ತುಲಾಭಾರ, ಖರ್ಚು ನಮ್ಮದು. ನನಗೆ ಎಪ್ಪತ್ತಾರು ಕಿಲೊ ಬೆಲ್ಲ. ರತ್ನಕ್ಕ, ನಿಮಗೆ ಎಷ್ಟು ಹೇಳಲಿ?"

ಕೆಳಗೆ ಮೂವತ್ತು ಜನರ ನಮಸ್ಕಾರ, ಹೂವು, ಶುಭಾಶಯ. ಇಲ್ಲ ಎನ್ನುವ ಹಾಗಿಲ್ಲ, ನಿಜ ಹೇಳುವ ಹಾಗೂ ಇಲ್ಲ. ರತ್ನಾವತಿ ಟೈಪ್ ಮಾಡುತ್ತಿದ್ದಾರೆ ಎಂದು ಬರುತ್ತಿತ್ತು, ಹೋಗುತ್ತಿತ್ತು. ಅರ್ಧ ಗಂಟೆಯ ಮೇಲೆ ಉತ್ತರ ಬಂತು: 55.

ಶ್ರೀಮತಿ ಅದನ್ನು ನನಗೆ ತೋರಿಸಿ, "ಅರವತ್ಮೂರು ಉಂಟು ಮಾರಾಯ್ರೆ," ಎಂದಳು. ಉಗ್ರಾಣದವಳ ಕಣ್ಣು.

ತುಲಾಭಾರದ ದಿನ ಮೊದಲು ಶ್ರೀಮತಿ ಕೂತಳು. ಎಪ್ಪತ್ತಾರನೆಯ ಕಿಲೊಗೆ ತಟ್ಟೆ ನೆಲ ಬಿಟ್ಟಿತು. ಯಾರೂ ನಗಲಿಲ್ಲ, ನಗಲು ಏನೂ ಇರಲಿಲ್ಲ, ಎಲ್ಲರಿಗೂ ಮೊದಲೇ ಗೊತ್ತಿದ್ದ ಅಂಕಿ. ಆಮೇಲೆ ರತ್ನಾವತಿ ಜರಿಯ ಸೀರೆ ಸರಿಮಾಡಿಕೊಂಡು ಕೂತಳು. ಐವತ್ತೈದು ಕಿಲೊ ಇಟ್ಟಾಯಿತು. ಕಳಂಬೋಲಿಯ ಕಬ್ಬಿಣ ಅಲುಗಾಡಲಿಲ್ಲ. ಭಟ್ಟರು ಶ್ರೀಮತಿಯ ಬೆಲ್ಲದತ್ತ ನೋಡಿದರು. ಅದು ಆಗಲೇ ದೇವರಿಗೆ ಸಂದಿದೆ ಎಂದು ಅವಳು ಮೆತ್ತಗೆ ಹೇಳಿ ಕೈಗಡಿಯಾರ ನೋಡಿಕೊಂಡಳು.

ಒಂದು ನಿಮಿಷ. ಎರಡು. ಯಾರೋ ಕೆಮ್ಮಿದರು. ತನ್ವಿ ಫೋನು ಹಿಡಿದು ನಿಂತಿದ್ದಳು, ಅಮ್ಮ ಬೇಡ ಎನ್ನಲಿಲ್ಲ. ರತ್ನಾವತಿ ಸರಪಳಿ ಹಿಡಿದು ಕಣ್ಣು ಮುಚ್ಚಿಕೊಂಡಳು. ನನಗೆ ಅಯ್ಯೋ ಪಾಪ ಎನಿಸಲಿಲ್ಲ. ಸಂತೋಷವಾಯಿತು, ಬಹಳ ಸಂತೋಷವಾಯಿತು.

ಸರಿಯಾಗಿ ಆರು ನಿಮಿಷಕ್ಕೆ ಶ್ರೀಮತಿ ಕಂಬದ ಹಿಂದಿನಿಂದ ಒಂದು ಚೀಲ ತಂದಳು. ಅದರಲ್ಲಿ ಕಿಲೊ ತೂಕದ ಬೆಲ್ಲದ ಅಚ್ಚುಗಳು, ಲೆಕ್ಕಕ್ಕೆ ಎಂಟು. ಒಂದೊಂದಾಗಿ ಇಟ್ಟಳು. ಎಂಟನೆಯದಕ್ಕೆ ತಟ್ಟೆ ಎದ್ದಿತು. ಆಮೇಲೆ ಬಾಗಿ, ಓರಗಿತ್ತಿಯ ಕೈ ಹಿಡಿದು ಇಳಿಸುತ್ತ, ಅರವತ್ತು ಜನಕ್ಕೂ ಕೇಳುವಂತೆ ಹೇಳಿದಳು:

"ಅರವತ್ಮೂರು ಕಿಲೊ, ರತ್ನಕ್ಕ. ನಿಮ್ಮ ಪ್ರಾಯಕ್ಕೆ ಒಳ್ಳೆ ತೂಕ. ನಾಚಿಕೆ ಎಂತಕ್ಕೆ?"

ಆ ವಿಡಿಯೊ ಈಗಲೂ ಶ್ರೀಮತಿಯ ಫೋನಿನಲ್ಲಿದೆ. ಗ್ರೂಪಿಗೆ ಹಾಕಿಲ್ಲ, ಹಾಕುವುದೂ ಇಲ್ಲ. ಅದು ಇದೆ ಎಂದು ರತ್ನಾವತಿಗೆ ಗೊತ್ತು. ಈಗ ಪ್ರತಿ ಹಬ್ಬಕ್ಕೂ ಮೊದಲು ಅವಳೇ ಫೋನು ಮಾಡಿ ಊಟಕ್ಕೆ ಕರೆಯುತ್ತಾಳೆ. ಬಡಿಸುವಾಗ ಶ್ರೀಮತಿ ಹೋಳಿಗೆ ಹಿಡಿದು ಎದುರು ನಿಂತರೆ, ಎಲೆಗೆ ಕೈ ಅಡ್ಡ ಹಿಡಿಯುವುದಿಲ್ಲ.