ಮಾವಿನ ದಾಯಾದಿಗಳನ್ನು ತೋರಿಸಿದವರು

ಭಾನುವಾರ ಮಧ್ಯಾಹ್ನ ಒಂದೂ ಮುಕ್ಕಾಲು. ಗೋಡೆಯ ಗಡಿಯಾರ ನನ್ನ ಎದುರಿಗೇ ಇದ್ದುದರಿಂದ ಆ ಹೊತ್ತು ಮನಸ್ಸಿನಿಂದ ಅಳಿಸಿಹೋಗಿಲ್ಲ. ಮಾವಿನಹಣ್ಣಿನ ಸೀಕರಣೆ ತಿಂದು ಮುಗಿಸಿದ ನನ್ನ ಮಗಳು ನಾಲಿಗೆಯನ್ನು ಹಲ್ಲಿಗೆ ಉಜ್ಜಿಕೊಳ್ಳುತ್ತ, "ಅಮ್ಮ, ಗಂಟಲೊಳಗೆ ಕಡೀತಿದೆ" ಎಂದಳು. ಅವಳಿಗೆ ಆಗ ಆರು ವರ್ಷ. ಹಿಂದಿನ ಬೇಸಿಗೆಯಲ್ಲೂ ಹೀಗೆಯೇ ಬಾಯಿ ಕಡಿತ ಎಂದಿದ್ದಳು; ತೊಟ್ಟಿನ ಸೊನೆ ತಾಗಿರಬೇಕು ಎಂದುಕೊಂಡು ಸುಮ್ಮನಾಗಿದ್ದೆವು. ಈ ಸಲವೂ ಅತ್ತೆ, ಮಾವಿನಹಣ್ಣು ಉಷ್ಣ, ಒಂದು ಲೋಟ ಹಾಲು ಕುಡಿದರೆ ಸರಿಹೋಗುತ್ತದೆ ಎಂದು ಅಡುಗೆಮನೆಗೆ ಎದ್ದು ಹೋದರು. ಅವರು ಹಾಲು ಹಿಡಿದು ಬರುವಷ್ಟರಲ್ಲಿ ಮಗುವಿನ ತುಟಿ ಎರಡರಷ್ಟು ಊದಿತ್ತು. ಉಸಿರು ಎಳೆದಾಗಲೆಲ್ಲ ಎದೆಯೊಳಗಿಂದ ಸಿಳ್ಳೆಯಂಥ ಸದ್ದು.

ನಮ್ಮ ಮನೆಯಲ್ಲಿ ಆಗ ಫೋನಿರಲಿಲ್ಲ. ಗಂಡ ಊರಲ್ಲಿರಲಿಲ್ಲ. ಮಗುವನ್ನು ಹೆಗಲಿಗೆ ಹಾಕಿಕೊಂಡು ಬರಿಗಾಲಲ್ಲೇ ಓಡಿದೆ. ಜಯನಗರದ ನಮ್ಮ ರಸ್ತೆಯ ತುದಿಯಲ್ಲಿ, ಪಾರ್ಕಿಗೆ ಎದುರಾಗಿ ಡಾಕ್ಟರಮ್ಮನ ಮನೆ. ಕಾರು ನಿಲ್ಲಿಸಲೆಂದು ಕಟ್ಟಿಸಿದ ಶೆಡ್ಡೇ ಅವರ ಕ್ಲಿನಿಕ್ಕು. ಬಾಗಿಲು ತೆಗೆದಾಗ ಅವರ ಬಲಗೈ ಬೆರಳುಗಳಿಗೆ ಮೊಸರನ್ನ ಮೆತ್ತಿಕೊಂಡಿತ್ತು. ಮಗುವಿನ ಮುಖ ನೋಡಿದ ಕೂಡಲೇ ಅವರು ನಲ್ಲಿಯ ಹತ್ತಿರ ಹೋಗಿ ಕೈ ತೊಳೆದುಕೊಂಡರು. ಆ ನಲ್ಲಿಯ ಸದ್ದು ಎಷ್ಟು ಹೊತ್ತು ಕೇಳಿಸಿತು ಎಂದು ನನ್ನನ್ನು ಕೇಳಬೇಡಿ. ನನ್ನ ಲೆಕ್ಕದಲ್ಲಿ ಅದು ಇನ್ನೂ ನಿಂತಿಲ್ಲ.

"ತೊಡೆ ಗಟ್ಟಿಯಾಗಿ ಹಿಡ್ಕೊ. ನೀನು ಆಮೇಲೆ ಅಳು" ಎಂದರು. ಸೂಜಿ ಚುಚ್ಚಿದರು.

ಅದು ಅಡ್ರಿನಲಿನ್ ಎಂದು ನನಗೆ ಗೊತ್ತಾದದ್ದು ಸಂಜೆ. ನಾನು ಬಿ.ಎಸ್ಸಿ. ಓದಿದವಳು, ಆ ಹೆಸರನ್ನು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೆ. ಅದು ನನ್ನ ಮಗುವಿನ ತುಟಿಯ ನೀಲಿಯನ್ನು ಕಣ್ಣೆದುರೇ ತೊಳೆದುಹಾಕುವುದನ್ನು ನೋಡುತ್ತೇನೆಂದು ಎಣಿಸಿರಲಿಲ್ಲ. ಸಿಳ್ಳೆ ಸಣ್ಣದಾಯಿತು. ಅವಳು ಜೋರಾಗಿ ಅಳತೊಡಗಿದಳು. ಡಾಕ್ಟರಮ್ಮ ಗೋಡೆಗೆ ಒರಗಿ, "ಈಗ ಸರಿ. ಅಳೋಕೆ ಉಸಿರು ಬೇಕಲ್ಲ" ಎಂದರು. ಹೀಗಾದದ್ದು ಕೆಲವು ಗಂಟೆಗಳ ಮೇಲೆ ಮತ್ತೆ ಮರುಕಳಿಸಬಹುದು ಎಂದು ಹೇಳಿ ಸಂಜೆಯವರೆಗೂ ನಮ್ಮನ್ನು ಮನೆಗೆ ಬಿಡಲಿಲ್ಲ. ಅರ್ಧಕ್ಕೆ ಬಿಟ್ಟಿದ್ದ ತಟ್ಟೆಯನ್ನು ಅಲ್ಲಿಗೇ ತಂದುಕೊಂಡು, ಮಂಚದ ಪಕ್ಕ ಸ್ಟೂಲ್ ಮೇಲೆ ಕುಳಿತು ಊಟ ಮುಗಿಸಿದರು.

ಅವರಿಗೆ ಆಗ ಅರವತ್ತರ ಆಸುಪಾಸು. ಕುಳ್ಳಗೆ, ದಪ್ಪ ಕನ್ನಡಕ, ಯಾವಾಗಲೂ ಕಾಟನ್ ಸೀರೆ; ಅದರ ಸೆರಗನ್ನು ಸೊಂಟಕ್ಕೆ ಎಷ್ಟು ಬಿಗಿಯಾಗಿ ಸಿಕ್ಕಿಸುತ್ತಿದ್ದರೆಂದರೆ ಜಗಳಕ್ಕೆ ಹೊರಟವರಂತೆ ಕಾಣುತ್ತಿದ್ದರು. ಸರ್ಕಾರಿ ಆಸ್ಪತ್ರೆಯಲ್ಲಿ ಮಕ್ಕಳ ವಾರ್ಡಿನಲ್ಲಿದ್ದು ನಿವೃತ್ತರಾದವರು. ಬೆಳಗ್ಗೆ ಎದ್ದು ಮೊದಲು ಗಾಜಿನ ಸಿರಿಂಜು, ಸೂಜಿಗಳನ್ನು ನೀರಿನಲ್ಲಿ ಕುದಿಸುತ್ತಿದ್ದರು. ಅದು ಇಳಿದ ಮೇಲೆಯೇ ಸ್ಟವ್ ಮೇಲೆ ಕಾಫಿಯ ನೀರು. ಕ್ಲಿನಿಕ್ಕಿಗೆ ರಜೆಯಾದ ಭಾನುವಾರವೂ ಹಾಗೆಯೇ. ಅವರ ತಂಗಿ ಇದನ್ನು ಹೇಳಿ ನಗುತ್ತಿದ್ದರು: "ನಮ್ಮಕ್ಕನ ಮನೇಲಿ ದೇವರಿಗೂ ಎರಡನೇ ಸರದಿ."

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ಅವರಿಗೆ ಸಂಕೋಚವಿರಲಿಲ್ಲ. "ನೋಡಿ ಹೇಳ್ತೀನಿ" ಎಂದರೆ ನಿಜವಾಗಿಯೂ ನೋಡಿ ಹೇಳುತ್ತಿದ್ದರು.

ಆ ದಿನ ಅವರು ಹೇಳಿದ್ದು ಇಷ್ಟೇ: ಮಾವಿನಹಣ್ಣು ಇನ್ನು ಬೇಡ. ಕಾಯಿಯೂ ಬೇಡ, ಉಪ್ಪಿನಕಾಯಿಯೂ ಬೇಡ. ನಮ್ಮ ಅತ್ತೆಗೆ ಇದು ಒಪ್ಪಿಗೆಯಾಗಲಿಲ್ಲ. ಹಣ್ಣಿನಲ್ಲಿ ದೋಷವಿಲ್ಲ, ಪೌಡರ್ ಹಾಕಿ ಹಣ್ಣು ಮಾಡುತ್ತಾರಲ್ಲ, ಅದರ ವಿಷ ಇದು ಎಂದು ಅವರ ವಾದ. ಗೊಟ್ಟಿಗೆರೆಯ ತೋಪಿನಿಂದ ಬಲಿತ ಕಾಯಿ ತರಿಸಿ, ತಾವೇ ಹುಲ್ಲಿನಲ್ಲಿಟ್ಟು ಹಣ್ಣು ಮಾಡತೊಡಗಿದರು. ಮಗುವಿಗೆ ಕೊಡಲಿಲ್ಲ. ಆದರೆ ಕೋಣೆಯ ಮೂಲೆಯಿಂದ ಆ ವಾಸನೆ ಬಂದಾಗಲೆಲ್ಲ ಮಗು ಎಲ್ಲಿದೆ ಎಂದು ಎದ್ದು ಹೋಗಿ ನೋಡುತ್ತಿದ್ದೆ.

ಅಪಾಯ ಬಂದದ್ದು ಮಾತ್ರ ಬೇರೆ ದಾರಿಯಿಂದ. ಮಗು ಸೊರಗಿದೆ, ಶಕ್ತಿ ಬರಲಿ ಎಂದು ಅತ್ತೆ ಗೋಡಂಬಿಯನ್ನು ನೆನೆಸಿ, ನುಣ್ಣಗೆ ಅರೆದು ಹಾಲಿಗೆ ಬೆರೆಸಿದರು. ನುಣ್ಣಗೆ ಅರೆದದ್ದಕ್ಕೆ ಕಾರಣವಿತ್ತು. ಮಗಳು ಪಾಯಸ, ಉಪ್ಪಿಟ್ಟು ಯಾವುದರಲ್ಲೇ ಆಗಲಿ ಗೋಡಂಬಿಯನ್ನು ಆರಿಸಿ ಆರಿಸಿ ತಟ್ಟೆಯ ಅಂಚಿಗೆ ಇಡುತ್ತಿದ್ದಳು. ಮನೆಯವರೆಲ್ಲ ಅದನ್ನು ಹಠ ಎನ್ನುತ್ತಿದ್ದರು. ಅರೆದರೆ ಆರಿಸುವುದು ಹೇಗೆ? ಎರಡು ಗುಟುಕು ಕುಡಿದು ಲೋಟವನ್ನು ದೂರ ತಳ್ಳಿದಳು. ಮೈಮೇಲೆಲ್ಲ ದದ್ದು ಎದ್ದಿತು, ವಾಂತಿಯಾಯಿತು. ಮತ್ತೆ ಅದೇ ರಸ್ತೆ, ಅದೇ ಓಟ. ಈ ಸಲ ಅತ್ತೆಯೂ ನನ್ನ ಹಿಂದೆಯೇ ಓಡಿಬಂದರು.

ಮಗು ಸುಧಾರಿಸಿಕೊಂಡ ಮೇಲೆ ಡಾಕ್ಟರಮ್ಮ ಕೇಳಿದರು, "ಏನು ಕೊಟ್ರಿ?"

"ಏನೂ ಇಲ್ಲ ಡಾಕ್ಟರಮ್ಮ, ಬರೀ ಹಾಲು" ಎಂದರು ಅತ್ತೆ.

"ಬರೀ ಹಾಲಾ?"

"ಒಂದ್ನಾಕು ಗೋಡಂಬಿ ಅರೆದು ಹಾಕಿದ್ದೆ. ಶಕ್ತಿಗೆ."

ಡಾಕ್ಟರಮ್ಮ ಬೈಯಲಿಲ್ಲ. ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಳ್ಳುತ್ತ, ಮಗು ಮುಂಚೆ ಗೋಡಂಬಿ ಇಷ್ಟಪಟ್ಟು ತಿನ್ನುತ್ತಿದ್ದಳೇ ಎಂದು ವಿಚಾರಿಸಿದರು. ಆರಿಸಿ ಇಡುತ್ತಿದ್ದ ಸಂಗತಿಯನ್ನು ನಾನು ಹೇಳಿದೆ. ಅವರು ಮಗುವಿನ ಕಡೆ ತಿರುಗಿ, "ನಿನಗೆ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ ಅಲ್ವಾ ಪುಟ್ಟಿ?" ಎಂದರು. ಆಮೇಲೆ ನನಗೆ, "ನೋಡಿ ಹೇಳ್ತೀನಿ."

ಕೆಲವು ವಾರ ಕಳೆದು, ದದ್ದಿಗೆಂದು ಕೊಟ್ಟಿದ್ದ ಮಾತ್ರೆಗಳನ್ನೆಲ್ಲ ನಿಲ್ಲಿಸಿದ ಮೇಲೆ, ನಮ್ಮನ್ನು ಕರೆಸಿದರು. ಅತ್ತೆಯ ಹುಲ್ಲಿನ ಹಣ್ಣು ಒಂದು, ಮಾರ್ಕೆಟ್ಟಿನ ಹಣ್ಣು ಒಂದು, ನೆನೆಸಿದ ಗೋಡಂಬಿ ಸ್ವಲ್ಪ ತರಲು ಹೇಳಿದ್ದರು. ಮೊದಲು ಅಡ್ರಿನಲಿನ್ ತುಂಬಿದ ಸಿರಿಂಜನ್ನು ಟ್ರೇಯಲ್ಲಿ ಸಿದ್ಧವಾಗಿಟ್ಟುಕೊಂಡರು. "ಇದು ಮನೇಲಿ ಮಾಡೋ ಆಟ ಅಲ್ಲ" ಎಂದು ನಮಗಿಬ್ಬರಿಗೂ ಹೇಳಿದರು. ಮಗುವಿನ ಮುಂಗೈ ಮೇಲೆ ಪೆನ್ನಿನಿಂದ ಗುರುತು ಮಾಡಿ, ಹಣ್ಣಿಗೆ ಸೂಜಿಯ ಮೊನೆ ಚುಚ್ಚಿ, ಅದೇ ಮೊನೆಯಿಂದ ಚರ್ಮವನ್ನು ಮುಟ್ಟಿಯೂ ಮುಟ್ಟದಂತೆ ಗೀರಿದರು. ಗೋಡಂಬಿಗೂ ಹಾಗೆಯೇ. ಬರೀ ನೀರಿಗೆ ಒಂದು ಜಾಗ. ಅತ್ತೆಯನ್ನು ಮಗುವಿನ ಪಕ್ಕದಲ್ಲೇ ಕೂರಿಸಿ, "ನೀವೇ ನೋಡ್ತಾ ಇರಿ. ನನಗೆ ಕಣ್ಣು ಸಾಲದು" ಎಂದರು. ಕನ್ನಡಕವಿದ್ದರೆ ಅವರಿಗೆ ಎಲ್ಲವೂ ಚೆನ್ನಾಗಿಯೇ ಕಾಣುತ್ತಿತ್ತು.

ನೀರಿನ ಜಾಗ ಹಾಗೆಯೇ ಇತ್ತು. ಮಾರ್ಕೆಟ್ಟಿನ ಹಣ್ಣಿನ ಜಾಗ ಸೊಳ್ಳೆ ಕಚ್ಚಿದಂತೆ ಉಬ್ಬಿತು. ಗೊಟ್ಟಿಗೆರೆ ಹಣ್ಣಿನದೂ ಅಷ್ಟೇ ಉಬ್ಬಿತು. ಗೋಡಂಬಿಯದು ಎಲ್ಲಕ್ಕಿಂತ ದೊಡ್ಡದು, ಸುತ್ತ ಕೆಂಪು. ಅತ್ತೆ ಆ ಪುಟ್ಟ ಕೈಯನ್ನು ಬೆಳಕಿಗೆ ತಿರುಗಿಸಿ ಎರಡು ಗುರುತುಗಳನ್ನೂ ಹೋಲಿಸಿ ನೋಡಿದರು. ಕೊನೆಗೆ, "ನನ್ನ ಹಣ್ಣೂ ಅಷ್ಟೇನಾ?" ಎಂದರು.

"ಹಣ್ಣು ಚೆನ್ನಾಗೇ ಇದೆ ಅಮ್ಮ. ನಾನು ಒಂದು ತಿಂತೀನಿ, ಕೊಡಿ. ಇವಳ ಮೈಗೆ ಮಾತ್ರ ಅದು ಶತ್ರು" ಎಂದರು ಡಾಕ್ಟರಮ್ಮ. "ಮಾವಿನಮರ, ಗೋಡಂಬಿ ಮರ, ಪಿಸ್ತಾ, ಇವೆಲ್ಲ ದಾಯಾದಿಗಳು. ಎಲ್ಲರಿಗೂ ಹೀಗಾಗಲ್ಲ. ಕೆಲವರಿಗೆ ಒಬ್ಬನ ಜೊತೆ ಜಗಳ ಶುರುವಾದ್ರೆ ಇನ್ನೊಬ್ಬನೂ ಬಂದು ನಿಂತ್ಕೋತಾನೆ. ಇವಳಿಗೆ ಹಾಗಾಗಿದೆ."

ಅಗಸರು ಬಟ್ಟೆಗೆ ಗುರುತು ಹಾಕುವ ಕರಿಗೇರಿನ ರಸವೂ ಅದೇ ವಂಶದ್ದು. ಅದರ ತೊಂದರೆ ಬೇರೆ ಬಗೆಯದು, ಚರ್ಮ ಸುಡುವಂಥದ್ದು. ಆದರೂ ಇವಳ ಫ್ರಾಕುಗಳನ್ನು ಮನೆಯಲ್ಲೇ ಒಗೆಯಿರಿ ಎಂದರು. ಐಸ್‌ಕ್ರೀಮಿನ ಪಿಸ್ತಾ, ಮದುವೆ ಮನೆಯ ಕುರ್ಮಾ, ಬರ್ಫಿ, ಒಂದೊಂದನ್ನೂ ಬಿಡಿಸಿ ಹೇಳಿದರು. ಅತ್ತೆ ಆ ಸಂಜೆಯೇ ಹುಲ್ಲಿನಲ್ಲಿದ್ದ ಹಣ್ಣುಗಳನ್ನೆಲ್ಲ ಅಕ್ಕಪಕ್ಕದ ಮನೆಗಳಿಗೆ ಹಂಚಿಬಿಟ್ಟರು. ಮುಂದಿನ ಉಗಾದಿಗೆ ಬಾಗಿಲಿಗೆ ಬರೀ ಬೇವು ಕಟ್ಟಿದರು. ಬಂದವರು ಕೇಳಿದರೆ, "ನಮ್ಮನೇಲಿ ಈಗ ಹೀಗೇ" ಎನ್ನುತ್ತಿದ್ದರು.

ಆದರೆ ನನಗೆ ನಿದ್ದೆ ಹೋಗಿತ್ತು. ಕಣ್ಣು ಮುಚ್ಚಿದರೆ ಆ ಸಿಳ್ಳೆ. ಎದ್ದು ಮಗುವಿನ ಮೂಗಿನ ಹತ್ತಿರ ಕೈ ಹಿಡಿಯುತ್ತಿದ್ದೆ. ಹಗಲೆಲ್ಲ ಸ್ಕೂಲಿನಲ್ಲಿ ಯಾರು ಏನು ಕೊಡುತ್ತಾರೋ ಎಂಬ ಚಿಂತೆ. ಅವಳನ್ನು ಹುಟ್ಟುಹಬ್ಬಗಳಿಗೆ ಕಳಿಸುವುದನ್ನೇ ನಿಲ್ಲಿಸಿದೆ. ಒಂದು ದಿನ ಡಾಕ್ಟರಮ್ಮ ನನ್ನ ಕಣ್ಣಿನ ರೆಪ್ಪೆ ಇಳಿಸಿ ನೋಡಿ, ನಿದ್ದೆಯ ವಿಚಾರ ತಾವೇ ಕಂಡುಹಿಡಿದರು. ನಾನು ನಿದ್ದೆ ಮಾತ್ರೆ ಕೇಳಿದೆ. ಕೊಡಲಿಲ್ಲ.

"ಎಷ್ಟು ವರ್ಷ ಕಾವಲು ಕೂತ್ಕೋತೀಯಮ್ಮ? ಬಾಯಿ ಅವಳದು. ಅವಳಿಗೆ ಹೇಳ್ಕೊಡೋಣ" ಎಂದರು.

ಅಂದಿನಿಂದ ಮಗಳು ಸ್ಕೂಲು ಮುಗಿಸಿ ಅವರ ಕ್ಲಿನಿಕ್ಕಿಗೆ ಹೋಗಿ ಕೂರುತ್ತಿದ್ದಳು. ಡಾಕ್ಟರಮ್ಮ ಪೇಷಂಟುಗಳ ನಡುವೆಯೇ ಹಟಮಾರಿ ಸೋದರತ್ತೆಯಾಗಿ, ಮದುವೆಯಲ್ಲಿ ಬಡಿಸುವವರಾಗಿ, ಬರ್ತ್‌ಡೇ ಆಂಟಿಯಾಗಿ ವೇಷ ಕಟ್ಟುತ್ತಿದ್ದರಂತೆ. "ಒಂದೇ ಒಂದು ತಗೊ ಪುಟ್ಟಿ, ಏನೂ ಆಗಲ್ಲ" ಎಂದು ಅವರು ಒತ್ತಾಯ ಮಾಡಬೇಕು, ಇವಳು ಬೇಡ ಎನ್ನಬೇಕು. ಕಾಯುತ್ತಿದ್ದ ಪೇಷಂಟುಗಳು ಕೆಮ್ಮುತ್ತಲೇ ನಗುತ್ತಿದ್ದರಂತೆ.

ಡಾಕ್ಟರಮ್ಮ ಎಂಬತ್ತರ ದಶಕದ ನಡುವೆ ತೀರಿಕೊಂಡರು. ಆ ಬೆಳಗ್ಗೆಯೂ ಸಿರಿಂಜು ಕುದಿಸಿ ಇಳಿಸಿದ್ದರು ಎಂದು ಅವರ ತಂಗಿ ಹೇಳಿದರು. ಈ ಬಾರಿ ನಗಲಿಲ್ಲ. ಹೈಸ್ಕೂಲಿನಲ್ಲಿದ್ದ ನನ್ನ ಮಗಳು ಅವರ ಕಾಲ ಬಳಿ ನಿಂತು ಬಹಳ ಹೊತ್ತು ಕದಲಲಿಲ್ಲ. ಅವಳು ನಿಂತಿದ್ದಾಳೆ, ಉಸಿರಾಡುತ್ತಿದ್ದಾಳೆ ಎಂಬುದೇ ನಾನು ಅವರಿಗೆ ಹೊತ್ತಿರುವ ಋಣ. ಅದನ್ನು ತೀರಿಸುವ ಯೋಚನೆಯನ್ನು ನಾನು ಮಾಡಿಲ್ಲ.

ನನ್ನ ಮನಸ್ಸು ಮತ್ತೆ ಮತ್ತೆ ಹೋಗುವುದು ಅದಕ್ಕಿಂತ ಹಿಂದಿನ ಒಂದು ದಿನಕ್ಕೆ. ಆ ಪಾಠಗಳು ನಡೆಯುತ್ತಿದ್ದ ವರ್ಷಕ್ಕೆ. ಬನಶಂಕರಿಯಲ್ಲಿ ನೆಂಟರ ಮದುವೆ. ಊಟದ ಪಂಕ್ತಿಯಲ್ಲಿ ಮಗಳು ನನ್ನಿಂದ ದೂರ, ಮಕ್ಕಳ ಸಾಲಿನಲ್ಲಿ ಕುಳಿತುಬಿಟ್ಟಿದ್ದಳು. ಬಡಿಸುವವರು ಪಾಯಸದ ಬಕೆಟ್ ಹಿಡಿದು ಅವಳ ಹತ್ತಿರ ಬಂದರು. ನಾನು ಎಂಜಲು ಕೈಯಲ್ಲೇ ಅರ್ಧ ಎದ್ದಿದ್ದೆ. ಅಷ್ಟರಲ್ಲಿ ಅವಳು ಎರಡೂ ಕೈಗಳನ್ನು ಎಲೆಯ ಮೇಲೆ ಅಡ್ಡ ಹಿಡಿದಳು.

"ಅಂಕಲ್, ಗೋಡಂಬಿ ನನಗೆ ಆಗಲ್ಲ."

"ಆರಿಸಿ ಹಾಕ್ತೀನಿ ತಗೊಳ್ಳಮ್ಮ."

"ಆರಿಸಿದ್ರೂ ಆಗಲ್ಲ. ಮುಂದೆ ಹೋಗಿ."

ಅವರು ನಕ್ಕು ಮುಂದೆ ಹೋದರು. ನಾನು ಕುಳಿತೆ.

ಮರುದಿನ ಎಚ್ಚರವಾದಾಗ ಬಿಸಿಲು ಗೋಡೆಯ ಮೇಲೆ ಅರ್ಧಕ್ಕೆ ಬಂದಿತ್ತು. ರಾತ್ರಿ ನಡುವೆ ಒಮ್ಮೆಯೂ ಎದ್ದಿರಲಿಲ್ಲ. ಅತ್ತೆ ಮಗುವಿಗೆ ಜಡೆ ಹಾಕಿ, ಊಟದ ಡಬ್ಬಿ ಕಟ್ಟಿ, ಸ್ಕೂಲಿಗೆ ಕಳಿಸಿಯಾಗಿತ್ತು. ಡಬ್ಬಿಗೆ ಏನು ಹಾಕಿದಿರಿ ಎಂದು ಕೇಳಲು ಬಾಯಿ ತೆರೆದೆ. ಕೇಳಲಿಲ್ಲ. ಕಾಫಿ ಕುಡಿದೆ.