ಪ್ಲೇನ್ಸ್‌ಬರೋ ಕೊಳದ ಮೀನುಗಳು

ದೆವ್ವ, ಶಕುನ, ಮೈಮೇಲೆ ಬರುವುದು, ಇವನ್ನೆಲ್ಲ ನಾನು ನಂಬಿದವಳಲ್ಲ. ಯಾರಾದರೂ ಇಂಥ ಕಥೆ ಶುರು ಮಾಡಿದರೆ ಕಾಫಿ ಬೆರೆಸುವ ನೆವದಲ್ಲಿ ಎದ್ದುಹೋಗುತ್ತಿದ್ದೆ. ಈಗ ಹಾಗೆ ಎದ್ದುಹೋಗುವಂತಿಲ್ಲ, ಹೇಳುತ್ತಿರುವವಳು ನಾನೇ.

ಪರದೇಶದ ಈ ಪ್ಲೇನ್ಸ್‌ಬರೋದಲ್ಲಿ ನಮ್ಮ ಅಪಾರ್ಟ್‌ಮೆಂಟುಗಳ ಹಿಂದೆ ಜೊಂಡು ಮುಚ್ಚಿಹೋದ ಒಂದು ಕೊಳವಿತ್ತು. ನಾವು ಕೆಲವರು ವಾಲಂಟಿಯರುಗಳು ಸೊಂಟ ಬೀಳುವಷ್ಟು ಜೊಂಡು ಕಿತ್ತು, ದಡದಲ್ಲಿ ಕಾಡು ಬ್ಲೂಬೆರಿ ನೆಟ್ಟೆವು. ಬೇಸಿಗೆಯಲ್ಲಿ ಒಣಗುವ ಕೊಳವದು. ಮೀನಿಲ್ಲ ಎಂಬ ಧೈರ್ಯಕ್ಕೇ ಕಪ್ಪೆಗಳು ಅಲ್ಲಿ ಮೊಟ್ಟೆಯಿಡುತ್ತವೆ. ಆ ವಸಂತದಲ್ಲಿ ಮರಿಗಪ್ಪೆ ಕಾಣದಿದ್ದರೆ ಕೊಳ ಮುಚ್ಚಿ ಪಿಕಲ್‌ಬಾಲ್ ಆಟದ ಕೋರ್ಟ್ ಮಾಡುತ್ತೇವೆಂದು ಜಾಗದವರು ಹೇಳಿಬಿಟ್ಟಿದ್ದರು. ಮಾರ್ಚಿನಲ್ಲಿ ಮೊಟ್ಟೆಗಳೂ ಬಂದವು, ಬೇಯಿಸಿದ ಸಬ್ಬಕ್ಕಿಯಂತೆ, ಗೊಂಚಲು ಗೊಂಚಲಾಗಿ.

ಅಷ್ಟರಲ್ಲಿ ಇಲ್ಲಿರುವ ನಮ್ಮ ಕಡೆಯ ಜನಕ್ಕೆ ಭಕ್ತಿ ಉಕ್ಕಿತು. ಗ್ರಹದೋಷಕ್ಕೆ ಮೀನಿಗೆ ಪುರಿ ಹಾಕಬೇಕಂತೆ. ಕೊಳದಲ್ಲಿ ಮೀನೇ ಇಲ್ಲವಲ್ಲ! ಪಕ್ಕದ ಮನೆಯ ಶೈಲಾ ಪೆಟ್ ಸ್ಟೋರಿನಿಂದ ಗೋಲ್ಡ್‌ಫಿಶ್ ತಂದು ಬಿಟ್ಟು, ಆಮೇಲೆ ಪುರಿ ಹಾಕಿದಳು.

"ಅವು ಮೊಟ್ಟೆ ತಿಂದುಬಿಡ್ತವೆ ಕಣೇ!" ಎಂದೆ.

"ಕಪ್ಪೆ ಮೇಲೆ ಅಷ್ಟು ಪ್ರೀತಿ ಇದ್ರೆ ಮೊಟ್ಟೆ ನಿನ್ ಫ್ರಿಜ್ಜಲ್ಲಿ ಇಟ್ಕೋ. ನಮ್ಮೆಜಮಾನ್ರ ವೀಸಾ ಸ್ಟ್ಯಾಂಪ್ ಆಗ್ಲಿ, ಆಮೇಲೆ ಮೀನೆಲ್ಲಾ ನೀನೇ ಹಿಡ್ಕೋ," ಎಂದಳು.

ದಿನವೂ ಆಫೀಸಿನಿಂದ ಬಂದು, ಅನ್ನಕ್ಕಿಟ್ಟು, ಉದ್ದನೆಯ ರಬ್ಬರ್ ಬೂಟು ತೊಟ್ಟು, ಮೀನು ಹಿಡಿಯಲು ಬಲೆ ತಗೊಂಡು ನೀರಿಗಿಳಿಯುತ್ತಿದ್ದೆ. ಐಸಿನಂಥ ನೀರು. ಒಂದು ಮೀನೂ ಬಲೆಗೆ ಬೀಳದು. ಮೊಟ್ಟೆಯ ಗೊಂಚಲುಗಳು ಮಾತ್ರ ದಿನದಿನಕ್ಕೂ ಕರಗುತ್ತಿದ್ದವು. ಒಂದು ಸಂಜೆ ನನಗೆ ತಡೆಯಲಾಗಲಿಲ್ಲ. ಬಲೆಯನ್ನು ನೀರಿಗೆ ಬಿಸಾಕಿ, "ಸಾಕಾಯ್ತು ನಿಮ್ಮ ಸಹವಾಸ! ಬರ್ತೀರೋ ಇಲ್ವೋ?" ಎಂದು ಕೂಗಿದೆ.

ವಟಗುಟ್ಟುತ್ತಿದ್ದ ಕಪ್ಪೆಗಳೆಲ್ಲ ಒಮ್ಮೆಗೇ ಸುಮ್ಮನಾದವು. ಆಚೆ ದಡದಿಂದ ಮೀನುಗಳು ಒಂದರ ಹಿಂದೊಂದು ಸಾಲಾಗಿ, ನಿಧಾನವಾಗಿ ಬಂದು ಬಲೆಯೊಳಗೆ ಹೋದವು. ನಾನು ಬಲೆ ಮುಟ್ಟಿರಲಿಲ್ಲ. ಕೊನೆಯ ಮೀನು ಒಳಗೆ ಹೋದ ಮೇಲೂ ನೀರು ಹಾಗೆಯೇ ಗೆರೆ ಎಳೆದಂತೆ ಸೀಳಿಕೊಂಡು ಬರುತ್ತಿತ್ತು, ಹಿಂದಿನಿಂದ ಯಾವುದೋ ಅವನ್ನು ಅಟ್ಟಿಕೊಂಡು ಬಂದ ಹಾಗೆ. ನೀರು ತಿಳಿಯಾಗಿತ್ತು. ಅಲ್ಲಿ ಏನೂ ಇರಲಿಲ್ಲ. ಆ ಗೆರೆ ನನ್ನ ಮೊಣಕಾಲಿನವರೆಗೆ ಬಂದು ನಿಂತಿತು. ಕಪ್ಪೆಗಳು ಮತ್ತೆ ಶುರುಮಾಡಿದವು.

ಮೀನುಗಳನ್ನು ಬಕೆಟ್ಟಿನಲ್ಲಿ ಹೊತ್ತು ಶೈಲಾಳ ಬಾತ್‌ಟಬ್ಬಿಗೇ ಸುರಿದು ಬಂದೆ. ಉಳಿದ ಮೊಟ್ಟೆಗಳು ಮರಿಯಾದವು, ಕೊಳವೂ ಉಳಿಯಿತು.

"ನನ್ನ ಪುರಿ ತಿಂದು ಪಳಗಿದ್ವು, ಅದಕ್ಕೇ ಬಂದ್ವು ಬಿಡು," ಎನ್ನುತ್ತಾಳೆ ಶೈಲಾ. ಇರಬಹುದು, ಮೀನಿನ ಮಟ್ಟಿಗೆ ಅವಳ ಮಾತನ್ನೇ ಒಪ್ಪೋಣ. ಆದರೆ ಆ ಗೆರೆ ಬಂದು ನಿಂತ ಕಡೆ, ಅಷ್ಟು ತಣ್ಣನೆಯ ನೀರಿನಲ್ಲಿ, ದಪ್ಪ ಬೂಟಿನ ಒಳಗೆ ನನ್ನ ಕಾಲು ಬೆಚ್ಚಗಾಯಿತು. ಅದು ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ.